199 ರೂಪಾಯಿಯ ‘ಸಮುದ್ರದ ಸೆಂಟು’: ಅಗ್ಗದ್ದೆಲ್ಲ ವಿಷವೇ, ಘಮ ಬಂದದ್ದೆಲ್ಲ ಅಸಲಿಯೇ?

ಸೆಂಟಿನ ಬಗ್ಗೆ ನಮ್ಮ ಮೊಬೈಲ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಒಂದು ಆಸೆ ಹುಟ್ಟಿಸುವಂಥದ್ದು: ‘ಸಾವಿರಾರು ರೂಪಾಯಿಯ ವಿದೇಶಿ ಸೆಂಟು, ಅಸಲಿ ಮಾಲು, ಇವತ್ತು ಮಾತ್ರ 199, ಕೂಡಲೇ ಲಿಂಕ್ ಒತ್ತಿ.’ ಇನ್ನೊಂದು ಭಯ ಹುಟ್ಟಿಸುವಂಥದ್ದು: ‘ಅಗ್ಗದ ಸೆಂಟಿನಲ್ಲಿ ಮೂತ್ರ ಬೆರೆಸುತ್ತಾರೆ, ಚರ್ಮ ಸುಟ್ಟುಹೋಗುತ್ತದೆ, ಎಲ್ಲರಿಗೂ ತಿಳಿಸಿ.’ ಎರಡನ್ನೂ ಒಂದೇ ಗ್ರೂಪಿನಲ್ಲಿ, ಕೆಲವೊಮ್ಮೆ ಒಬ್ಬರೇ ಕಳುಹಿಸುವುದುಂಟು.

ಈ ಸಂದೇಶಗಳ ನಡುವೆ ಸಿಕ್ಕಿಕೊಳ್ಳುವವರು ಸಾಮಾನ್ಯ ಜನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವುದೇ ಫ್ಯಾನ್ಸಿ ಸ್ಟೋರಿಗೆ ಹೋದರೂ ನೀಲಿ ಬಾಟಲಿಯ ಸೆಂಟು ಕಾಣುತ್ತದೆ. ಮೇಲೆ ಅಲೆಯ ಚಿತ್ರ, ‘ಓಶನ್’, ‘ಅಕ್ವಾ’, ‘ಮರೀನ್’ ಅಂತ ಏನಾದರೊಂದು ಹೆಸರು. ಕಾಲೇಜು ಹುಡುಗರು, ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಕೆಲಸಗಾರರು, ಮದುವೆಗೆ ಹೊರಟವರು ಅದನ್ನೇ ಕೊಳ್ಳುತ್ತಾರೆ. ಹಾಗಾದರೆ ಅವರು ಮೋಸ ಹೋಗುತ್ತಿದ್ದಾರೆಯೇ? ವಿಷ ಪೂಸಿಕೊಳ್ಳುತ್ತಿದ್ದಾರೆಯೇ?

ಚಿಕ್ಕ ಉತ್ತರ: ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಸೆಂಟು ವಿಷವಾಗುವುದಿಲ್ಲ. ಘಮ ಹೋಲುತ್ತದೆ ಎಂಬ ಕಾರಣಕ್ಕೆ ಅದು ಅಸಲಿಯೂ ಆಗುವುದಿಲ್ಲ. ಬಾಟಲಿಯ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇದೆಯೇ ಇಲ್ಲವೇ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ. ಉದ್ದನೆಯ ಉತ್ತರ ಮುಂದಿದೆ.

ಬಾಟಲಿಯಲ್ಲಿ ಸಮುದ್ರ ಇದೆಯೇ?

ಇಲ್ಲ. ಸಾವಿರಾರು ರೂಪಾಯಿಯ ಬಾಟಲಿಯಲ್ಲೂ ಇಲ್ಲ, 199 ರೂಪಾಯಿಯದರಲ್ಲೂ ಇಲ್ಲ.

ಕಡಲ ತೀರದ ನಿಜವಾದ ವಾಸನೆಗೆ ಮುಖ್ಯ ಕಾರಣಗಳಲ್ಲಿ ಒಂದು ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ. ಕಡಲಿನ ಪಾಚಿ ಮತ್ತು ಸೂಕ್ಷ್ಮ ಸಸ್ಯಗಳಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹೊರಬರುತ್ತದೆ. ಈ ಕೆಲಸ ಮಾಡಿಸುವ ಬ್ಯಾಕ್ಟೀರಿಯಾ ಜೀನ್ ಒಂದನ್ನು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಇದೇ ಅನಿಲ ಟೊಮೆಟೊ ಬೇಯಿಸಿದಾಗಲೂ ಹುಟ್ಟುತ್ತದೆ. ಅಂದರೆ ಸಮುದ್ರವನ್ನೇ ನೋಡದ ಕೋಲಾರದ ಮನೆಯ ಟೊಮೆಟೊ ಸಾರಿನ ಪಾತ್ರೆಯಲ್ಲಿ ಕಡಲ ವಾಸನೆಯ ಒಂದು ಎಳೆ ಇದೆ! ಆದರೆ ಆ ವಾಸನೆಯನ್ನು ಹಾಗೇ ಬಾಟಲಿಗೆ ತುಂಬಿದರೆ ಯಾರೂ ಮೈಗೆ ಹಾಕಿಕೊಳ್ಳುವುದಿಲ್ಲ. ಬೇಯಿಸಿದ ಎಲೆಕೋಸು, ಮೀನು ಮಾರುಕಟ್ಟೆ ನೆನಪಾದೀತು.

ಸೆಂಟಿನವರು ‘ಸಮುದ್ರ’ ಎಂದು ಮಾರುವುದು ಬೇರೆಯದೇ ಘಮ. ಅದರ ಮೂಲ ಕ್ಯಾಲೋನ್ ಎಂಬ ಕೃತಕ ಅಣು. ಫೈಜರ್ ಎಂಬ ಔಷಧ ಕಂಪನಿಯ ರಸಾಯನ ವಿಜ್ಞಾನಿಗಳು 1966ರಲ್ಲಿ ಇದನ್ನು ಕಂಡುಕೊಂಡರು. ತಂಪು ಗಾಳಿಯಂತೆ, ಆಗತಾನೆ ಕೊಯ್ದ ಕಲ್ಲಂಗಡಿಯಂತೆ ಇದರ ಘಮ. 1980ರ ದಶಕದ ಕೊನೆಯ ಹೊತ್ತಿಗೆ ಕಡಲಿನ ಹೆಸರಿನ ಸೆಂಟುಗಳ ಅಲೆಯೇ ಎದ್ದಿತು. 1988ರಲ್ಲಿ ದಾವಿಡಾಫ್ ಕಂಪನಿಯ ‘ಕೂಲ್ ವಾಟರ್’, 1992ರಲ್ಲಿ ಇಸ್ಸೆ ಮಿಯಾಕೆಯ ‘ಲೋ ಡಿಸ್ಸೆ’, 1996ರಲ್ಲಿ ಅರ್ಮಾನಿಯ ‘ಅಕ್ವಾ ಡಿ ಜಿಯೊ’ ಬಂದವು. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ನೀಲಿ ಬಾಟಲಿಗಳಲ್ಲಿ ಹೆಚ್ಚಿನವು ಈ ಮನೆತನದ ನೆರಳುಗಳು.

ಇವುಗಳಲ್ಲಿ ಕ್ಯಾಲೋನ್ ಜೊತೆಗೆ ಡೈಹೈಡ್ರೊಮಿರ್ಸಿನಾಲ್ ಎಂಬ ಇನ್ನೊಂದು ಅಣುವೂ ಸೇರುತ್ತದೆ. ನಿಂಬೆ, ಲ್ಯಾವೆಂಡರ್ ಬೆರೆತಂಥ ‘ತೊಳೆದ’ ಘಮ ಅದರದು. ಇದೇ ಅಣುವನ್ನು ಸೋಪು, ಬಟ್ಟೆ ತೊಳೆಯುವ ಪುಡಿಗಳಲ್ಲೂ ಧಾರಾಳವಾಗಿ ಬಳಸುತ್ತಾರೆ. ಅಗ್ಗದ ಸಮುದ್ರ ಸೆಂಟು ಹಾಕಿಕೊಂಡವರನ್ನು ‘ಬಾತ್‌ರೂಮ್ ಕ್ಲೀನರ್ ವಾಸನೆ’ ಎಂದು ಗೆಳೆಯರು ಗೇಲಿ ಮಾಡುತ್ತಾರಲ್ಲ, ಅದಕ್ಕೆ ಕಾರಣ ಇದು. ಹಾಗೆಂದು ಬಾಟಲಿಯಲ್ಲಿ ಕ್ಲೀನರ್ ತುಂಬಿದ್ದಾರೆ ಎಂದಲ್ಲ. ಎರಡಕ್ಕೂ ಘಮ ಕೊಡುವ ಅಣು ಒಂದೇ, ಅಷ್ಟೆ.

ಇನ್ನು ಜಾಸ್ಮಿನ್ ಎಳೆ. ಹೆಡಿಯೋನ್ ಎಂಬ ಅಣು ಮಲ್ಲಿಗೆಯ ಘಮದಲ್ಲಿರುವ ವಸ್ತುವೊಂದರ ಹತ್ತಿರದ ನೆಂಟ. ಅಕ್ವಾ ಡಿ ಜಿಯೊ ಮಾದರಿಯ ಸೆಂಟುಗಳಿಗೆ ಹಗುರ ಗಾಳಿಯಾಡಿದಂಥ ಗುಣ ಕೊಡುವುದು ಅದೇ. ಮಾಲೂರಿಗೆ ಹಿಂದೆ ಮಲ್ಲಿಕಾಪುರ ಎಂಬ ಹೆಸರಿತ್ತು ಎನ್ನುತ್ತಾರೆ. ಆ ಊರಿನವರು ನೀಲಿ ಬಾಟಲಿ ಮೂಸಿ ‘ಎಲ್ಲೋ ಮಲ್ಲಿಗೆ ಇದೆಯಲ್ಲ’ ಎಂದರೆ ಅವರ ಮೂಗು ಸುಳ್ಳು ಹೇಳಿಲ್ಲ.

ತಿಮಿಂಗಿಲದ ‘ವಾಂತಿ’ ಸೇರಿಸುತ್ತಾರೆಯೇ?

ಕಡಲ ಸೆಂಟು ಎಂದರೆ ತಿಮಿಂಗಿಲದ ವಾಂತಿ ಎನ್ನುವ ಫಾರ್ವರ್ಡ್ ಕೂಡ ಓಡಾಡುತ್ತದೆ. ಅಂಬರ್‌ಗ್ರೀಸ್ ಎಂಬ ವಸ್ತು ಇರುವುದು ನಿಜ. ಅದು ಸ್ಪರ್ಮ್ ವೇಲ್ ಎಂಬ ತಿಮಿಂಗಿಲದ ಕರುಳಿನಲ್ಲಿ ಹುಟ್ಟುತ್ತದೆ. ಹಿಂದೆ ಸೆಂಟಿನಲ್ಲಿ ಬಳಸುತ್ತಿದ್ದರು. ಆದರೆ ಭಾರತದಲ್ಲಿ ಸ್ಪರ್ಮ್ ವೇಲ್ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿದೆ. ಅಂಬರ್‌ಗ್ರೀಸ್ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. 2021ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಇಂಥ ಮಾಲನ್ನು ವಶಪಡಿಸಿಕೊಂಡಾಗ ಅದರ ಬೆಲೆಯನ್ನು ಕೋಟಿಗಳಲ್ಲಿ ಅಂದಾಜು ಮಾಡಿದ್ದರು. ಕೋಟಿ ಬೆಲೆಯ ವಸ್ತುವನ್ನು 199 ರೂಪಾಯಿಯ ಬಾಟಲಿಗೆ ಯಾರು ಹಾಕುತ್ತಾರೆ? ಈಗ ಬಳಕೆಯಲ್ಲಿರುವುದು ಆಂಬ್ರಾಕ್ಸಾನ್. ಇದನ್ನು ಕ್ಲಾರಿ ಸೇಜ್ ಎಂಬ ಗಿಡದಿಂದ ತೆಗೆದ ವಸ್ತುವಿನಿಂದ ತಯಾರಿಸುತ್ತಾರೆ.

ಅನುಕರಣೆ ಬೇರೆ, ನಕಲಿ ಬೇರೆ

ಇಡೀ ವಿಷಯದ ಕೀಲಿ ಇಲ್ಲಿದೆ. ಇದನ್ನು ನಮ್ಮ ರಾಜ್ಯದ ಉದಾಹರಣೆಯಿಂದಲೇ ನೋಡೋಣ.

ಗಂಧದ ಪರಿಮಳದ ಸೋಪನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಅದು ತಪ್ಪಲ್ಲ. ಆದರೆ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮದ ‘ಮೈಸೂರು ಸ್ಯಾಂಡಲ್’ ಹೆಸರು, ಅದರ ಶರಭದ ಚಿಹ್ನೆ, ಅದೇ ಪೊಟ್ಟಣ ಬಳಸಿ ಬೇರೆಯವರು ಮಾರಿದರೆ ಅದು ಅಪರಾಧ. 2024ರ ಜನವರಿಯಲ್ಲಿ ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಇಂಥದ್ದೇ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲ ಪತ್ತೆಯಾಯಿತು. ಗಂಧದ ಘಮ ಇಟ್ಟುಕೊಂಡಿದ್ದಕ್ಕಲ್ಲ, ಇನ್ನೊಬ್ಬರ ಹೆಸರು ಕದ್ದಿದ್ದಕ್ಕೆ ಅವರು ಸಿಕ್ಕಿಬಿದ್ದರು.

ಸೆಂಟಿಗೂ ಇದೇ ಲೆಕ್ಕ. ತನ್ನದೇ ಹೆಸರು, ತನ್ನದೇ ವಿಳಾಸ ಹಾಕಿಕೊಂಡು ‘ಆ ಪ್ರಸಿದ್ಧ ಸೆಂಟಿನ ಥರದ ಘಮ’ ಮಾಡಿದರೆ ಅದು ಅನುಕರಣೆ. ಪ್ರಸಿದ್ಧ ಕಂಪನಿಯ ಹೆಸರು, ಬಾಟಲಿ, ಡಬ್ಬಿ ಎಲ್ಲವನ್ನೂ ಹಾಗೇ ಅಚ್ಚು ಹಾಕಿ ‘ಫಸ್ಟ್ ಕಾಪಿ’ ಎಂದು ಮಾರಿದರೆ ಅದು ನಕಲಿ. ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ನಕಲಿ ತಯಾರಿಸುವವರಿಗೂ, ಗೊತ್ತಿದ್ದು ಮಾರುವವರಿಗೂ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಘಮವನ್ನೇ ಯಾರಾದರೂ ‘ನನ್ನದು’ ಎನ್ನಬಹುದೇ? ಯುರೋಪಿನಲ್ಲೇ ಈ ಬಗ್ಗೆ ಒಮ್ಮತವಿಲ್ಲ. 2006ರ ಜೂನ್ ತಿಂಗಳ ಒಂದೇ ವಾರದಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ‘ಘಮಕ್ಕೆ ಕೃತಿಸ್ವಾಮ್ಯ ಇಲ್ಲ’ ಎಂದಿತು. ನೆದರ್‌ಲ್ಯಾಂಡ್ಸಿನ ಉನ್ನತ ನ್ಯಾಯಾಲಯ ಲಾಂಕೋಮ್ ಕಂಪನಿಯ ಸೆಂಟೊಂದರ ಮೊಕದ್ದಮೆಯಲ್ಲಿ ‘ಇರಬಹುದು’ ಎಂದಿತು. ಅಣುವಿಗೆ ಪೇಟೆಂಟ್ ಸಿಗುತ್ತದೆ, ಆದರೆ ಅದಕ್ಕೆ ಕಾಲಮಿತಿ ಇದೆ. ಕ್ಯಾಲೋನ್ ಪೇಟೆಂಟ್ ಮುಗಿದು ದಶಕಗಳೇ ಕಳೆದಿವೆ. ಹಾಗಾಗಿ ಯಾರು ಬೇಕಾದರೂ ಅದನ್ನು ಕೊಂಡು ಬಳಸಬಹುದು.

ಅಷ್ಟು ಕಡಿಮೆ ಬೆಲೆಗೆ ಹೇಗೆ ಕೊಡುತ್ತಾರೆ?

ಗ್ಯಾಸ್ ಕ್ರೊಮಟೋಗ್ರಫಿ ಎಂಬ ಯಂತ್ರ ಒಂದು ತೊಟ್ಟು ಸೆಂಟಿನಲ್ಲಿ ಯಾವ ಯಾವ ಅಣು ಎಷ್ಟೆಷ್ಟಿದೆ ಎಂದು ಬಿಡಿಸಿ ಹೇಳುತ್ತದೆ. ಅದನ್ನು ನೋಡಿ ಅನುಕರಣೆಯವರು ಪಾಕ ಸಿದ್ಧ ಮಾಡಿಕೊಳ್ಳುತ್ತಾರೆ. ಸಿನಿಮಾ ತಾರೆಯರ ಜಾಹೀರಾತು, ಗಾಜಿನ ಕೆತ್ತನೆಯ ಬಾಟಲಿ, ವಿಮಾನ ನಿಲ್ದಾಣದ ಮಳಿಗೆ, ಆಮದು ಸುಂಕ ಯಾವುದೂ ಅವರಿಗಿಲ್ಲ. ಬೆಲೆಯ ದೊಡ್ಡ ಪಾಲು ಇಲ್ಲಿಯೇ ಉಳಿಯುತ್ತದೆ.

ಉಳಿದದ್ದು ಒಳಗಿನ ಪಾಕದಲ್ಲಿ ಉಳಿಯುತ್ತದೆ. ಯಂತ್ರ ಮುಖ್ಯ ಅಣುಗಳನ್ನು ತೋರಿಸಿದರೂ ನೂರಾರು ವಸ್ತುಗಳಿರುವ ನೈಸರ್ಗಿಕ ತೈಲಗಳನ್ನು ಅಗ್ಗವಾಗಿ ಮರುಸೃಷ್ಟಿಸುವುದು ಕಷ್ಟ. ಕೆಲವು ಅಣುಗಳನ್ನು ದೊಡ್ಡ ಕಂಪನಿಗಳು ಹೊರಗೆ ಮಾರುವುದೇ ಇಲ್ಲ. ಆದ್ದರಿಂದ ಮೊದಲ ಹತ್ತು ನಿಮಿಷ ‘ಅರೆ, ಅದೇ ಘಮ!’ ಎನಿಸಿ, ಆಮೇಲೆ ಬೇರೆಯಾಗುತ್ತದೆ. ನಿಂಬೆ, ಕಿತ್ತಳೆ ಜಾತಿಯ ಹಗುರ ಅಣುಗಳು ಬೇಗ ಹಾರಿಹೋಗುತ್ತವೆ. ಕ್ಯಾಲೋನ್ ಮಾತ್ರ ಗಟ್ಟಿ ಕೂರುತ್ತದೆ. ಅದನ್ನು ಮರೆಮಾಚುವ ಮರ, ಕಸ್ತೂರಿಯಂಥ ತಳಪಾಯದ ಘಮಕ್ಕೆ ಖರ್ಚು ಮಾಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಲ್ಲಂಗಡಿ ಸಿಪ್ಪೆಯಂಥ ಒಂದೇ ವಾಸನೆ ಉಳಿಯುತ್ತದೆ.

ನಮ್ಮ ಕಣ್ಣೂ ಇದರಲ್ಲಿ ಪಾಲುದಾರ. 2005ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಒಂದೇ ವಾಸನೆಯನ್ನು ಒಮ್ಮೆ ‘ಚೀಸ್’ ಎಂದೂ, ಇನ್ನೊಮ್ಮೆ ‘ಮೈ ಬೆವರು’ ಎಂದೂ ಹೆಸರಿಸಿ ಮೂಸಿಸಿದರು. ಚೀಸ್ ಎಂದಾಗ ಜನರಿಗೆ ಅದು ಹಿತವೆನಿಸಿತು. ನೀಲಿ ಬಾಟಲಿ, ಅಲೆಯ ಚಿತ್ರ ಕೂಡ ಮಾಡುವುದು ಇದನ್ನೇ. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಿಪ್ಪೆ ಹಳದಿಯಾದ ಮಾತ್ರಕ್ಕೆ ಹಣ್ಣು ಮಾಗಿದೆ ಎಂದಲ್ಲ.

ಫಾರ್ವರ್ಡ್ ಹೇಳುವ ‘ಪರೀಕ್ಷೆ’ಗಳು ನಿಜವೇ?

‘ಬಾಟಲಿ ಕುಲುಕಿ, ಗುಳ್ಳೆ ಹೆಚ್ಚು ಹೊತ್ತು ನಿಂತರೆ ಅಸಲಿ.’ ಸುಳ್ಳು. ಗುಳ್ಳೆ ನಿಲ್ಲುವುದು ಆಲ್ಕೋಹಾಲ್, ನೀರು, ತೈಲಗಳ ಪ್ರಮಾಣದ ಮೇಲೆ. ಅಸಲಿ ನಕಲಿಗೂ ಅದಕ್ಕೂ ಸಂಬಂಧವಿಲ್ಲ.

‘ಬೆಂಕಿ ಹಚ್ಚಿ ನೋಡಿ, ನೀಲಿ ಜ್ವಾಲೆ ಬಂದರೆ ಶುದ್ಧ.’ ಸುಳ್ಳು ಮಾತ್ರವಲ್ಲ, ಅಪಾಯ. ಸೆಂಟಿನಲ್ಲಿ ಬಳಸಬೇಕಾದ ಈಥೈಲ್ ಆಲ್ಕೋಹಾಲ್ ಹೇಗೆ ಉರಿಯುತ್ತದೋ ವಿಷಕಾರಿ ಮೀಥೈಲ್ ಆಲ್ಕೋಹಾಲ್ ಕೂಡ ಹಾಗೇ ಉರಿಯುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಕೈ ಸುಟ್ಟುಕೊಳ್ಳುವುದಷ್ಟೇ ಲಾಭ.

‘ಡಬ್ಬಿಯ ಬ್ಯಾಚ್ ನಂಬರ್ ಇಂಟರ್ನೆಟ್‌ನಲ್ಲಿ ಸಿಕ್ಕರೆ ಅಸಲಿ.’ ಸಾಲದು. ಡಬ್ಬಿಯನ್ನೇ ಅಚ್ಚು ಹಾಕುವವರಿಗೆ ನಂಬರ್ ಅಚ್ಚು ಹಾಕುವುದು ಕಷ್ಟವೇ?

‘ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ಮತ್ತೆ ಚುರುಕಾಗುತ್ತದೆ.’ ಅಮೆರಿಕದ ಬೆಲಾಯ್ಟ್ ಕಾಲೇಜಿನವರು 2011ರಲ್ಲಿ ಪರೀಕ್ಷಿಸಿದಾಗ ಬರಿಯ ಗಾಳಿಗಿಂತ ಕಾಫಿ ಬೀಜ ಹೆಚ್ಚೇನೂ ನೆರವಾಗಲಿಲ್ಲ. ಅಂಗಡಿಯಿಂದ ಎರಡು ನಿಮಿಷ ಹೊರಗೆ ಬಂದು ನಿಂತರೆ ಸಾಕು.

‘ಅಗ್ಗದ ಸೆಂಟಿನಲ್ಲಿ ಮೂತ್ರ ಇರುತ್ತದೆ.’ ಇದಕ್ಕೆ ಮೂಲವಿದೆ, ಆದರೆ ಫಾರ್ವರ್ಡ್ ಅದನ್ನು ಹಿಗ್ಗಿಸಿದೆ. ಲಂಡನ್ ನಗರದ ಪೊಲೀಸರು 2015ರ ಜಾಗೃತಿ ಅಭಿಯಾನದಲ್ಲಿ ನಕಲಿ ಸೆಂಟುಗಳ ಪ್ರಯೋಗಾಲಯ ಪರೀಕ್ಷೆಯಲ್ಲಿ ಸಯನೈಡ್, ಮಾನವ ಮೂತ್ರದಂಥವು ಕಂಡುಬಂದಿವೆ ಎಂದು ಎಚ್ಚರಿಸಿದ್ದರು. ಆ ಮಾತು ಹೆಸರು ಕದ್ದು ಮಾರುವ ನಕಲಿ ಮಾಲಿನ ಬಗ್ಗೆ. ಪರವಾನಗಿ ಪಡೆದು ತನ್ನ ಹೆಸರಿನಲ್ಲಿ ಮಾರುವ ಅಗ್ಗದ ಸೆಂಟಿನ ಬಗ್ಗೆ ಅಲ್ಲ.

‘ಪಾರ್ಕಿಂಗ್ ಜಾಗದಲ್ಲಿ ಸೆಂಟು ಮೂಸಲು ಕೊಟ್ಟು ಪ್ರಜ್ಞೆ ತಪ್ಪಿಸಿ ದೋಚುತ್ತಾರೆ.’ ಈ ಕತೆಗೆ ಕಾಲು ಶತಮಾನ ದಾಟಿದೆ. 1999ರಲ್ಲಿ ಅಮೆರಿಕದ ಅಲಬಾಮಾದಿಂದ ಇಮೇಲ್‌ನಲ್ಲಿ ಹೊರಟು ಊರು, ಭಾಷೆ ಬದಲಿಸಿಕೊಂಡು ಇಂದಿಗೂ ಸುತ್ತುತ್ತಿದೆ. ಒಮ್ಮೆ ಮೂಸಿದ ಕೂಡಲೇ ಎಚ್ಚರ ತಪ್ಪಿಸುವ ಸೆಂಟು ಇಲ್ಲ.

ಹಾಗಾದರೆ ನಿಜವಾದ ಅಪಾಯ ಯಾವುದು?

ಮೊದಲನೆಯದು ಮೀಥೈಲ್ ಆಲ್ಕೋಹಾಲ್. ಖರ್ಚು ಉಳಿಸಲು ಗುಪ್ತವಾಗಿ ತಯಾರಿಸುವವರು ಇದನ್ನು ಬಳಸುವ ಸಾಧ್ಯತೆ ಇದೆ. ಹೊಟ್ಟೆಗೆ ಹೋದರೆ ಕಣ್ಣು, ಜೀವ ಎರಡಕ್ಕೂ ಕುತ್ತು. ಮೂಸಿ ಇದನ್ನು ಪತ್ತೆ ಮಾಡಲು ಆಗದು. ಹೆಸರು, ವಿಳಾಸವಿಲ್ಲದ ಬಾಟಲಿ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಎರಡನೆಯದು ಚರ್ಮದ ಅಲರ್ಜಿ. ಇದು ದುಬಾರಿ ಸೆಂಟಿಗೂ ಅನ್ವಯಿಸುತ್ತದೆ. ಯುರೋಪಿನ ಅಂದಾಜಿನಂತೆ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಯಾವುದಾದರೊಂದು ಸುಗಂಧ ವಸ್ತು ಒಗ್ಗುವುದಿಲ್ಲ. ‘ಆಲ್ಕೋಹಾಲ್ ಇಲ್ಲ, ಅತ್ತರು, ಹಾಗಾಗಿ ಸುರಕ್ಷಿತ’ ಎಂಬುದೂ ಪೂರ್ತಿ ನಿಜವಲ್ಲ. ಅಲರ್ಜಿ ತರುವುದು ಹೆಚ್ಚಾಗಿ ಸುಗಂಧದ ಅಣುಗಳು, ಆಲ್ಕೋಹಾಲ್ ಅಲ್ಲ.

ಮೂರನೆಯದು ಬಿಸಿಲು. ಸಮುದ್ರ ಸೆಂಟುಗಳಲ್ಲಿ ಬಳಸುವ ಬರ್ಗಮಾಟ್ ಎಂಬ ನಿಂಬೆ ಜಾತಿಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ವಸ್ತುವಿದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಕಂದು ಕಲೆ ಉಳಿಯಬಹುದು. ಒಳ್ಳೆಯ ತಯಾರಕರು ಅದನ್ನು ತೆಗೆದ ಎಣ್ಣೆ ಬಳಸುತ್ತಾರೆ. ಬಿಸಿಲಿನಲ್ಲಿ ಬೈಕ್ ಓಡಿಸುವವರು, ಹೊಲದಲ್ಲಿ ದುಡಿಯುವವರು ಕತ್ತಿಗೆ ಹಾಕುವ ಬದಲು ಅಂಗಿಯ ಒಳಭಾಗಕ್ಕೆ ಹಾಕುವುದು ಮೇಲು.

ನಾಲ್ಕನೆಯದು ಬೆಂಕಿ. ಸೆಂಟಿನ ಬಹುಪಾಲು ಆಲ್ಕೋಹಾಲ್. ದೀಪ, ಊದುಬತ್ತಿ, ಗ್ಯಾಸ್ ಒಲೆಯ ಬಳಿ ಸಿಂಪಡಿಸಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಾಟಲಿ ಬಿಡಬೇಡಿ.

ಐದನೆಯದು ಮಕ್ಕಳು. ನೀಲಿ ಬಾಟಲಿ ಅವರಿಗೆ ಶರಬತ್ತಿನಂತೆ ಕಾಣುತ್ತದೆ. ಆಲ್ಕೋಹಾಲ್ ಕುಡಿದರೆ ಪುಟ್ಟ ಮಕ್ಕಳ ರಕ್ತದ ಸಕ್ಕರೆ ಅಂಶ ತೀರಾ ಕುಸಿಯಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಹಿಡಿದು ತಕ್ಷಣ ಹತ್ತಿರದ ಆಸ್ಪತ್ರೆಗೆ ಓಡಿ.

ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಒಂದು ಮಾತು: ಹುಳು ಮನೆಗೆ ಕಟು ವಾಸನೆ ಸೋಕದಂತೆ ನೋಡಿಕೊಳ್ಳುವ ಹಳೆಯ ರೂಢಿಯನ್ನು ಸೆಂಟಿನ ವಿಷಯದಲ್ಲೂ ಬಿಡಬೇಡಿ.

ಕೊಳ್ಳುವ ಮುನ್ನ ಒರೆಗೆ ಹಚ್ಚುವುದು ಹೇಗೆ?

ಚಿನ್ನದ ಗಣಿಯ ಜಿಲ್ಲೆಯವರಿಗೆ ಒರೆಗಲ್ಲಿನ ಬೆಲೆ ಗೊತ್ತು. ಸೆಂಟಿಗೂ ಮೂರು ಒರೆಗಲ್ಲುಗಳಿವೆ.

ಒಂದು, ಲೇಬಲ್. ಸೆಂಟು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. ಅದಕ್ಕೆ ಕಾಸ್ಮೆಟಿಕ್ಸ್ ನಿಯಮಗಳು 2020 ಅನ್ವಯಿಸುತ್ತವೆ. ತಯಾರಕರ ಹೆಸರು, ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕು, ಏನೇನು ಬೆರೆಸಿದ್ದಾರೆ ಎಂಬುದು ಇರಬೇಕು. ಗರಿಷ್ಠ ಮಾರಾಟ ಬೆಲೆ, ಎಷ್ಟು ಮಿಲಿಲೀಟರ್ ಎಂಬುದೂ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಬೇಕು. ಇವಿಲ್ಲದ ‘ಅಸಲಿ ವಿದೇಶಿ ಮಾಲು’ ಕಾನೂನಿನ ಲೆಕ್ಕಕ್ಕೆ ಬಾರದ ಮಾಲು.

ಎರಡು, ಸಮಯ. ಬಾಟಲಿಯ ಮೂತಿಗೆ ಮೂಗಿಟ್ಟು ತೀರ್ಮಾನಿಸಬೇಡಿ. ಮೊದಲು ಬರುವುದು ಆಲ್ಕೋಹಾಲ್ ಘಾಟು. ಕಾಗದದ ಚೂರಿಗೆ ಒಮ್ಮೆ ಸಿಂಪಡಿಸಿ ಹತ್ತು ನಿಮಿಷ, ಒಂದು ಗಂಟೆ, ನಾಲ್ಕು ಗಂಟೆ ಬಿಟ್ಟು ಮೂಸಿ. ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ನೋಡಬೇಡಿ. ಇನ್ನೊಬ್ಬರಿಗೂ ಮೂಸಲು ಕೊಡಿ. ನಮ್ಮ ಮೂಗು ಒಂದೇ ಘಮಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ‘ಘಮ ಹೋಯಿತು’ ಎಂದು ನೀವು ಮತ್ತೆ ಮತ್ತೆ ಹಾಕಿಕೊಳ್ಳುವಾಗ ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆಯುತ್ತಿರುತ್ತಾರೆ.

ಮೂರು, ಚರ್ಮ. ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಕೆ ಬಂದರೆ ಮೈಗೆ ಬೇಡ. ಶೇವ್ ಮಾಡಿದ ಕೂಡಲೇ, ಗಾಯದ ಮೇಲೆ ಹಾಕಬೇಡಿ. ರೇಷ್ಮೆ ಸೀರೆ, ಬಿಳಿ ಅಂಗಿಯ ಮೇಲೆ ನೇರವಾಗಿ ಸಿಂಪಡಿಸಿದರೆ ಕಲೆಯಾಗಬಹುದು.

ಬೆಲೆಯನ್ನು ಬಾಟಲಿಗಲ್ಲ, ಮಿಲಿಲೀಟರಿಗೆ ಲೆಕ್ಕ ಹಾಕಿ. 100 ಮಿ.ಲೀ.ಗೆ 400 ರೂಪಾಯಿ ಎಂದರೆ ಮಿಲಿಲೀಟರಿಗೆ 4 ರೂಪಾಯಿ. 30 ಮಿ.ಲೀ.ಗೆ 199 ಎಂದರೆ ಆರೂವರೆ ರೂಪಾಯಿಗೂ ಹೆಚ್ಚು. ಒಂದು ಸಲ ಒತ್ತಿದರೆ ಸುಮಾರು 0.1 ಮಿ.ಲೀ. ಹೊರಬರುತ್ತದೆ. ದಿನಕ್ಕೆ ನಾಲ್ಕು ಸಲ ಒತ್ತಿದರೆ 30 ಮಿ.ಲೀ. ಎರಡೂವರೆ ತಿಂಗಳು ಬರುತ್ತದೆ. ಆದರೆ ಅಗ್ಗದ್ದು ಎರಡು ಗಂಟೆಗೇ ಹಾರಿಹೋಗಿ ಎಂಟು ಸಲ ಒತ್ತಬೇಕಾದರೆ ಅದು ಅಗ್ಗವೇ ಅಲ್ಲ.

ಲಿಂಕ್ ಒತ್ತಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿಯಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕೋಲಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಯಾವುದಕ್ಕೂ ಬಿಲ್ ಬೇಕು. ಇಪ್ಪತ್ತು ರೂಪಾಯಿ ಉಳಿಯುತ್ತದೆಂದು ಬಿಲ್ ಬಿಡಬೇಡಿ.

ಫಾರ್ವರ್ಡ್ ಮಾಡುವ ಮುನ್ನ

‘ಅಗ್ಗದ ಸೆಂಟೆಲ್ಲ ವಿಷ’ ಎಂಬ ಸಂದೇಶದಿಂದ ನಷ್ಟವಾಗುವುದು ವಿಳಾಸವಿಲ್ಲದ ಕಳ್ಳನಿಗಲ್ಲ. ಅವನು ನಾಳೆ ಬೇರೆ ಹೆಸರಿನಲ್ಲಿ ಬರುತ್ತಾನೆ. ನಷ್ಟ ಆಗುವುದು ಬಸ್ ನಿಲ್ದಾಣದ ಬಳಿ ಬಿಲ್ ಕೊಟ್ಟು, ಲೇಬಲ್ ಇರುವ ಮಾಲು ಮಾರುವ ಚಿಕ್ಕ ಅಂಗಡಿಯವರಿಗೆ. ‘199ಕ್ಕೆ ಅಸಲಿ’ ಎಂಬ ಸಂದೇಶದಿಂದ ನಷ್ಟ ಆಗುವುದು ಮೊದಲ ಸಂಬಳದಲ್ಲಿ ಸೆಂಟು ಕೊಳ್ಳುವ ಹುಡುಗನಿಗೆ, ಹುಡುಗಿಗೆ.

ಆದ್ದರಿಂದ ಗ್ರೂಪಿಗೆ ಕಳುಹಿಸಲೇಬೇಕೆಂದರೆ ಇಷ್ಟು ಕಳುಹಿಸಿ: ಘಮ ಹೋಲಿದರೆ ತಪ್ಪಿಲ್ಲ, ಹೆಸರು ಕದ್ದರೆ ತಪ್ಪು. ವಿಳಾಸ ಇಲ್ಲದ ಬಾಟಲಿ ಬೇಡ. ಬೆಂಕಿ ಹಚ್ಚಿ ಪರೀಕ್ಷಿಸಬೇಡಿ. ಮೊಣಕೈಗೆ ಹಚ್ಚಿ ಎರಡು ದಿನ ಕಾಯಿರಿ. ಮಕ್ಕಳ ಕೈಗೆ ಸಿಗದಂತೆ ಇಡಿ.